ವೆನಿಸ್‌ಗೆ ಅರ್ಧ ದಿನ ಸಾಕು, ಆದ್ರೆ ಯಾವ ಅರ್ಧ?

ಬಹಳ ದಿನ ಆಯ್ತು ಇಲ್ಲಿ ಏನೂ ಬರೀದೆ. ವಿಷಯ ಇರ್ಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-)

ಮೊನ್ನೆ ಊರಿಂದ ಅಕ್ಕನ ಮಗ ಫೋನ್ ಮಾಡಿದ್ದ. ಮದುವೆಯಾಗಿ ಒಂದು ವರ್ಷ ಆಯ್ತು, ಗಂಡ ಹೆಂಡತಿ ಯೂರೋಪ್ ಟೂರ್ ಹೊರಟಿದ್ದಾರೆ. ಹತ್ತು ದಿನ, ಆರು ದೇಶ. ಟೂರಿನವರು ಕೊಟ್ಟ ಪಟ್ಟಿಯನ್ನ ಫೋನಲ್ಲೇ ಓದ್ತಾ ಹೋದ. ಕೊನೆಗೆ ಕೇಳಿದ, "ಮಾವ, ವೆನಿಸ್‌ಗೆ ಅರ್ಧ ದಿನ ಹಾಕಿದಾರೆ. ಸಾಕಲ್ದಾ?"

"ಧಾರಾಳ ಸಾಕು ಮಾರಾಯ. ಆದ್ರೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗಿನ ಅರ್ಧ ದಿನ ಆಗಿರ್ಬೇಕು" ಅಂದೆ.

ಅವನು ನಕ್ಕುಬಿಟ್ಟ. ತಮಾಷೆ ಅಂದುಕೊಂಡ ಅಂತ ಕಾಣ್ತದೆ. ಫೋನಲ್ಲಿ ಇದನ್ನೆಲ್ಲಾ ವಿವರಿಸೋಕೆ ನನಗೆ ಬರಲ್ಲ. ಹಾಗಾಗಿ ಇಲ್ಲಿ ಬರೀತಿದ್ದೀನಿ. ಅವನಿಗೆ ಲಿಂಕ್ ಕಳಿಸ್ತೀನಿ, ನೀವೂ ಓದಿ. ನಿಮ್ಮಲ್ಲಿ ಆ ಕಡೆ ಹೋಗಿ ಬಂದವರು ಸುಮಾರು ಜನ ಇದ್ದೀರಿ. ತಪ್ಪಿದ್ರೆ ತಿದ್ದಿ.

ಮೊದಲು ನನ್ನ ತಪ್ಪೊಪ್ಪಿಗೆ. ನಾನೂ ವೆನಿಸನ್ನ ಮೊದಲ ಸಲ ನೋಡಿದ್ದು ಹಾಗೇ. 2012ರ ಬೇಸಿಗೆ, ಒಂದು ಟೂರ್ ಕಂಪನಿಯ ಜೊತೆ (ಹೆಸರು ಬೇಡ ಬಿಡಿ, ಎಲ್ಲಾ ಒಂದೇ). ಬೆಳಿಗ್ಗೆ ಹತ್ತಕ್ಕೆ ದೋಣಿಯಿಂದ ಇಳಿಸಿದ್ರು, ಮಧ್ಯಾಹ್ನ ಎರಡೂವರೆಗೆ ವಾಪಸ್ ಹತ್ತಿಸಿದ್ರು. ಕೊಡೆ ಎತ್ತಿ ಹಿಡಿದ ಗೈಡ್ ಹಿಂದೆ ನಲವತ್ತು ಜನ. ಅಂಥಾ ನೂರು ಕೊಡೆಗಳು ಸಾನ್ ಮಾರ್ಕೊ ಚೌಕದಲ್ಲಿ. ರಿಯಾಲ್ಟೊ ಸೇತುವೆ ಹತ್ತೋಕೆ ಇಪ್ಪತ್ತು ನಿಮಿಷ ಹಿಡೀತು. ನಾನು ನಡೆದು ಹತ್ತಿದ್ದಲ್ಲ, ಹಿಂದಿನವರು ನೂಕಿ ಹತ್ತಿಸಿದ್ದು. ಗಾಜಿನ ಕಾರ್ಖಾನೆ ಅಂತ ಒಂದು ಅಂಗಡಿಗೆ ನುಗ್ಗಿಸಿ ಮುಕ್ಕಾಲು ಗಂಟೆ ಕೂರಿಸಿದ್ರು. ಅಷ್ಟರಲ್ಲಿ ಎದುರಿನ ಜ್ಯುದೆಕ್ಕಾ ಕಾಲುವೆಯಲ್ಲಿ ಒಂದು ಕ್ರೂಸ್ ಹಡಗು ಹಾದುಹೋಯ್ತು. ಮನೆಗಳಿಗಿಂತ, ಚರ್ಚಿಗಿಂತ ಎತ್ತರ! ಅಷ್ಟು ದೊಡ್ಡ ಹಡಗುಗಳು ಆ ಕಾಲುವೆಗೆ ಬರೋದನ್ನ 2021ರ ಆಗಸ್ಟ್‌ನಿಂದ ನಿಲ್ಲಿಸಿದ್ದಾರೆ, ಪುಣ್ಯ. ಮನೆಗೆ ಬಂದು ಸಿಕ್ಕಿದವರಿಗೆಲ್ಲಾ "ವೆನಿಸ್ ಏನಿಲ್ಲ, ವಾಸನೆ ನೀರು, ದುಬಾರಿ ಕಾಫಿ" ಅಂತ ಹೇಳಿಕೊಂಡು ತಿರುಗಿದೆ. ಹತ್ತು ವರ್ಷ ಹಾಗೇ ಹೇಳಿದ್ದೀನಿ.

ಆಮೇಲೆ 2023ರ ನವೆಂಬರ್‌ನಲ್ಲಿ ಆಫೀಸಿನ ಕೆಲಸಕ್ಕೆ ಮಿಲಾನ್‌ಗೆ ಹೋಗಬೇಕಾಯ್ತು. ಕೆಲಸ ಮುಗಿದ ಮೇಲೆ ಮೂರು ದಿನ ರಜೆ ಉಳಿದಿತ್ತು. ರೈಲಲ್ಲಿ ಎರಡೂವರೆ ಗಂಟೆ, ಹೋಗಿ ನೋಡೋಣ ಅಂತ ಹೊರಟೆ. ರೈಲು ತಡವಾಗಿ ಸಾಂತಾ ಲೂಚಿಯಾ ಸ್ಟೇಷನ್ ಮುಟ್ಟಿದಾಗ ರಾತ್ರಿ ಎಂಟೂವರೆ. ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ, ಮೇಲೆ ಮಂಜು, ಜನವೇ ಇಲ್ಲ. ಊರು ತಪ್ಪಿ ಇಳಿದೆನಾ ಅಂತ ಒಂದು ಕ್ಷಣ ಗಾಬರಿಯಾಯ್ತು.

ಲಾಂಚ್ ಹತ್ತಿದೆ. (ಅಲ್ಲಿ ಅದಕ್ಕೆ ವಪೊರೆಟ್ಟೊ ಅಂತಾರೆ, ಆದ್ರೆ ಸಿಗಂದೂರಿನ ಕಡೆಯವನಿಗೆ ಅದು ಲಾಂಚೇ. ನಮ್ಮ ಹೊಳೆಗೆ 2025ರಲ್ಲಿ ಸೇತುವೆ ಆಯ್ತು. ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ.) ಒಂದನೇ ನಂಬರಿನ ಲಾಂಚು ದೊಡ್ಡ ಕಾಲುವೆಯ ಉದ್ದಕ್ಕೂ ಒಂದು ದಡದಿಂದ ಇನ್ನೊಂದು ದಡಕ್ಕೆ ಹೊಲಿಗೆ ಹಾಕಿದ ಹಾಗೆ ಹೋಗ್ತದೆ. ಹಗಲಲ್ಲಿ ನಿಲ್ಲೋಕೂ ಜಾಗ ಇರಲ್ಲ. ಆ ರಾತ್ರಿ ನಾವು ಆರು ಜನ. ಒಬ್ಬಳು ಅಜ್ಜಿ ತರಕಾರಿ ಗಾಡಿ ಎಳ್ಕೊಂಡು ಹತ್ತಿದಳು, ಡ್ರೈವರ್ ಜೊತೆ ಏನೋ ಜಗಳ ಆಡಿದಳು, ಮೂರು ಸ್ಟಾಪ್ ಆದ ಮೇಲೆ ಇಳಿದಳು. ಅರಮನೆಗಳ ಒಳಗೆ ಅಲ್ಲಲ್ಲಿ ದೀಪ ಇತ್ತು, ಮಾಡಿನ ತೊಲೆಗಳಿಗೆ ಬಳಿದ ಬಣ್ಣ ಕೂಡಾ ಕಾಣ್ತಿತ್ತು. ಹಗಲಲ್ಲಿ ಕಿಟಕಿ ಕಪ್ಪಗಿರ್ತದೆ, ಒಳಗಿನದು ಕಾಣೋದೇ ಇಲ್ಲ. ಲಾಂಚ್ ಟಿಕೆಟ್ 9.50 ಯೂರೋ, ಬೆಲೆ ಕೇಳಿದ್ರೆ ಎದೆ ಧಸಕ್ಕನ್ನುತ್ತೆ ನಿಜ. ಆದ್ರೆ ಗೊಂಡೊಲಾದವರು ರಾತ್ರಿ ಏಳರ ಮೇಲೆ ಮೂವತ್ತೈದು ನಿಮಿಷಕ್ಕೆ 110 ಯೂರೋ ತಗೋತಾರೆ. ಹೋಲಿಸಿ ಸಮಾಧಾನ ಮಾಡ್ಕೊಳ್ಳಿ.

ವೆನಿಸ್‌ನಲ್ಲಿ ಕಡಿಮೆ ಜನ ನೋಡಿರೋ ಜಾಗ ಯಾವುದು ಅಂತ ಕೇಳಿದ್ರೆ ಈಗ ನಾನು ಹೇಳೋದು ಇದನ್ನೇ, ಅಲ್ಲಿನ ರಾತ್ರಿ. ದಿನಾ ಬಂದುಹೋಗುವವರು ಸಂಜೆ ಆರರ ಹೊತ್ತಿಗೆ ಬಸ್ಸು, ರೈಲು ಹಿಡಿದು ಹೊರಟುಬಿಡ್ತಾರೆ. ಉಳಿಯೋದು ಅಲ್ಲಿನ ಜನ, ಮತ್ತೆ ಸ್ವಲ್ಪ ನಮ್ಮಂಥವರು. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ನಾಲ್ಕು ಲಕ್ಷ ಹೆಜ್ಜೆ ಬಿದ್ದ ಓಣಿಯಲ್ಲಿ ನಿಮ್ಮದೊಂದೇ ಹೆಜ್ಜೆ ಸದ್ದು. ಯಾರೋ ಮೇಲಿನ ಮನೆಯಲ್ಲಿ ಪಾತ್ರೆ ತೊಳೆಯೋದು ಕೇಳ್ತದೆ. ನೀರು ಕಲ್ಲು ಮೆಟ್ಟಿಲಿಗೆ ಬಡೀತಿರ್ತದೆ. ಮಧ್ಯರಾತ್ರಿ ಸಾನ್ ಮಾರ್ಕೊ ಗೋಪುರದ ದೊಡ್ಡ ಗಂಟೆ ಹೊಡೆಯುತ್ತೆ. ಅದಕ್ಕೆ ಮರಾಂಗೋನಾ ಅಂತ ಹೆಸರು. ಹಿಂದೆ ಹಡಗುಕಟ್ಟೆಯ ಬಡಗಿಗಳಿಗೆ ಕೆಲಸದ ಹೊತ್ತು ತಿಳಿಸ್ತಿದ್ದ ಗಂಟೆ. ನಾನು ಅದನ್ನ ಕೇಳಿದ್ದು ಖಾಲಿ ಚೌಕದಲ್ಲಿ ನಿಂತು. 2012ರಲ್ಲಿ ಇದೇ ಚೌಕದಲ್ಲಿ ಹೆಂಡತಿಯನ್ನ ಜನರ ಮಧ್ಯ ಕಳೆದುಕೊಂಡು ಹುಡುಕಾಡಿದ್ದೆ!

ಸರಿ, "ನೈಟ್‌ಲೈಫ್" ಅಂತ ಕೇಳ್ತೀರಿ ನೀವು. ಅಲ್ಲಿ ಡಿಸ್ಕೋ ಗಿಸ್ಕೋ ಹುಡುಕಿಕೊಂಡು ಹೋದವರಿಗೆ ನಿರಾಸೆ ಗ್ಯಾರಂಟಿ. ಹುಡುಗರು ಅದಕ್ಕೆ ಬೇಸಿಗೆಯಲ್ಲಿ ಜೆಸೊಲೊ ಸಮುದ್ರತೀರಕ್ಕೆ ಹೋಗ್ತಾರೆ. ತಮಾಷೆ ಅಂದ್ರೆ ಒಂದು ಕಾಲಕ್ಕೆ ಇಡೀ ಯೂರೋಪಿಗೆ ರಾತ್ರಿ ಬದುಕು ಕಲಿಸಿದ್ದೇ ಈ ಊರು. ದುಡ್ಡು ಕೊಟ್ಟ ಯಾರು ಬೇಕಾದ್ರೂ ಬಂದು ಕೂತು ನೋಡಬಹುದಾದ ಮೊದಲ ಒಪೆರಾ ನಾಟಕಶಾಲೆ, ಸಾನ್ ಕಸ್ಸಿಯಾನೊ, ತೆರೆದದ್ದು ಇಲ್ಲಿ, 1637ರಲ್ಲಿ. ಮಾರನೇ ವರ್ಷವೇ ಸರ್ಕಾರದ ಒಪ್ಪಿಗೆಯಲ್ಲಿ ಜೂಜಿನ ಮನೆ, ರಿದೊತ್ತೊ. ಮುಖವಾಡ ಹಾಕ್ಕೊಂಡು ಬಂದು ಆಸ್ತಿ ಕಳ್ಕೊಂಡು ಹೋಗ್ತಿದ್ರು. 1774ರಲ್ಲಿ ಅದನ್ನ ಮುಚ್ಚಿಸಬೇಕಾಯ್ತು. ಕತ್ತಲಲ್ಲಿ ಮನೆ ಮುಟ್ಟಿಸೋಕೆ ಲಾಂದ್ರ ಹಿಡಿದು ಮುಂದೆ ನಡೆಯೋ ಕೂಲಿಯವರಿದ್ರು, ಕೊದೆಗಾ ಅಂತ ಅವರ ಹೆಸರು. ಸಾನ್ ಮಾರ್ಕೊ ಚೌಕದ ಫ್ಲೋರಿಯನ್ ಕಾಫಿ ಅಂಗಡಿ 1720ರದ್ದು, ಇವತ್ತಿಗೂ ಇದೆ. ಒಳಗೆ ಹೋಗೋ ಮೊದಲು ಪರ್ಸ್ ಮುಟ್ಟಿ ನೋಡಿಕೊಳ್ಳಿ. ವಾದ್ಯದವರು ನುಡಿಸ್ತಿದ್ರೆ ಸಂಗೀತಕ್ಕೂ ಬಿಲ್ ಹಾಕ್ತಾರೆ.

ಈಗಿನ ರಾತ್ರಿ ಬದುಕು ಅಂದ್ರೆ ಬಾಕಾರೊ. ಬಾಗಿಲಿಗಿಂತ ಸ್ವಲ್ಪ ದೊಡ್ಡದಾದ ಅಂಗಡಿ, ಕೂರೋಕೆ ಜಾಗ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ತಿಂಡಿ. ಜನ ಲೋಟ ಹಿಡಿದು ಹೊರಗೆ ಕಾಲುವೆ ಕಟ್ಟೆ ಮೇಲೆ ನಿಂತು ಹರಟೆ ಹೊಡೀತಾರೆ. ನಮ್ಮ ದರ್ಶಿನಿ ಹೋಟೆಲ್ ಎದುರು ಕಾಫಿ ಲೋಟ ಹಿಡಿದು ನಿಲ್ತೀವಲ್ಲ, ಹಾಗೇ. ಪುಟ್ಟ ಲೋಟದ ವೈನಿಗೆ ಓಂಬ್ರಾ ಅಂತಾರೆ, ಅಂದ್ರೆ ನೆರಳು. ಹಿಂದೆ ವೈನ್ ಮಾರುವವರು ಬಿಸಿಲು ತಪ್ಪಿಸೋಕೆ ಗೋಪುರದ ನೆರಳು ಸರಿದ ಹಾಗೆ ಗಾಡಿ ಸರಿಸ್ತಿದ್ರಂತೆ, ಅದಕ್ಕೇ ಆ ಹೆಸರು ಅಂತ ಕಥೆ. ನನಗೆ ಕಥೆ ಇಷ್ಟ ಆಯ್ತು. ವೈನ್ ಅರ್ಧ ಲೋಟಕ್ಕೇ ಸುಸ್ತು.

ತಿಂಡಿ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ, ಗಂಭೀರವಾಗಿ ಓದಿ. ಬ್ರೆಡ್ಡಿನ ತುಂಡಿನ ಮೇಲೆ ಬೆಳ್ಳಗೆ ಕಾಯಿಚಟ್ನಿ ಥರ ಬಳಿದು ಇಟ್ಟಿರ್ತಾರೆ. ಅದು ಚಟ್ನಿ ಅಲ್ಲ! ಒಣಮೀನನ್ನ ಬೇಯಿಸಿ ಎಣ್ಣೆ ಹಾಕಿ ಕಡೆದದ್ದು. ಬಕಾಲಾ ಅಂದ್ರು ಅಂದ್ರೆ ಕೈ ಹಿಂದಕ್ಕೆ ತಗೊಳ್ಳಿ. ಇನ್ನೊಂದು ಬೋಂಡಾ ಥರದ್ದು, ಮೊಝರೆಲ್ಲಾ ಇನ್ ಕರೋಝಾ. ಬ್ರೆಡ್ಡಿನ ನಡುವೆ ಚೀಸಿಟ್ಟು ಕರೆದದ್ದು, ನೋಡೋಕೆ ನಿರಪಾಯಕಾರಿ. ಆದ್ರೆ ಬಹಳ ಕಡೆ ಒಳಗೆ ಒಂದು ಸಣ್ಣ ಮೀನೋ ಹಂದಿಮಾಂಸದ ಚೂರೋ ಅಡಗಿಸಿಟ್ಟಿರ್ತಾರೆ. ಕೇಳಿಯೇ ತಗೊಳ್ಳಿ. ಧೈರ್ಯವಾಗಿ ತಿನ್ನಬಹುದಾದದ್ದು ಆರ್ಟಿಚೋಕ್ ಅನ್ನೋ ತರಕಾರಿಯ ತಳದ ಬಿಲ್ಲೆ, ಬೆಳ್ಳುಳ್ಳಿ ಎಣ್ಣೆಯಲ್ಲಿ ಬೇಯಿಸಿದ್ದು. ಎದುರಿನ ಸಾಂತೆರಾಸ್ಮೊ ದ್ವೀಪ ಆರ್ಟಿಚೋಕಿಗೇ ಹೆಸರುವಾಸಿ. ನಾನು ಮೂರು ರಾತ್ರಿಯೂ ಅದನ್ನೇ ತಿಂದೆ. ಬೇಜಾರಾಗ್ಲಿಲ್ಲ.

ಎಲ್ಲಿ ಹೋಗಬೇಕು? ಕನ್ನಾರೆಜೊ ಭಾಗದಲ್ಲಿ ಮಿಸೆರಿಕೊರ್ದಿಯಾ ಮತ್ತು ಒರ್ಮೆಸಿನಿ ಅನ್ನೋ ಎರಡು ಕಾಲುವೆ ದಡಗಳು ಒಂದಕ್ಕೊಂದು ಅಂಟಿಕೊಂಡಿವೆ, ಉದ್ದಕ್ಕೂ ಇಂಥ ಅಂಗಡಿಗಳು. ಹುಡುಗ ಹುಡುಗಿಯರ ಗಲಾಟೆ ಬೇಕಾದ್ರೆ ಕಾಂಪೊ ಸಾಂತಾ ಮಾರ್ಗರಿಟಾ, ವಿಶ್ವವಿದ್ಯಾಲಯದ ಹತ್ತಿರ ಇರೋ ಚೌಕ. (ಆ ಊರಲ್ಲಿ ಸಾನ್ ಮಾರ್ಕೊ ಒಂದಕ್ಕೇ ಪಿಯಾಝಾ ಅನ್ನೋದು, ಉಳಿದ ಚೌಕಗಳೆಲ್ಲಾ ಕಾಂಪೊ, ಅಂದ್ರೆ ಗದ್ದೆ, ಬಯಲು. ಹಿಂದೆ ಹುಲ್ಲು ಬೆಳೀತಿತ್ತಂತೆ.) ಅಲ್ಲಿಂದ ಎರಡು ಹೆಜ್ಜೆಗೆ ಮುಷ್ಟಿಗಳ ಸೇತುವೆ, ಪೊಂತೆ ದೇಯ್ ಪೂನ್ಯಿ. ಊರಿನ ಎರಡು ಬಣಗಳು ಸೇತುವೆ ಮೇಲೆ ಗುದ್ದಾಡಿ ಒಬ್ಬರನ್ನೊಬ್ಬರು ಕಾಲುವೆಗೆ ತಳ್ಳೋ ಆಟ ಇತ್ತು, 1705ರಲ್ಲಿ ನಿಷೇಧ ಆಯ್ತು. ಗುದ್ದಾಡುವವರು ಕಾಲಿಡಬೇಕಾದ ಜಾಗ ತೋರಿಸೋ ಕಲ್ಲಿನ ಪಾದಗಳು ಇವತ್ತಿಗೂ ಇವೆ. ಯಾರೂ ಇಲ್ಲದಾಗ ನಾನೂ ಅದರ ಮೇಲೆ ನಿಂತು ನೋಡಿದೆ :-)

ಅದೇ ಓಣಿಯಲ್ಲಿ ಮುಂದೆ ಹೋದ್ರೆ ಕಾ ಝೆನೊಬಿಯೊ ಅಂತ ಒಂದು ಅರಮನೆ. ಅದರಲ್ಲಿ ಅರ್ಮೇನಿಯನ್ ಮಕ್ಕಳ ಶಾಲೆಯೊಂದಿತ್ತು, 1997ರಲ್ಲಿ ಮುಚ್ಚಿತು. ಆ ಶಾಲೆಗೆ ದುಡ್ಡು ಬಂದದ್ದು ಎಲ್ಲಿಂದ ಗೊತ್ತಾ? ಮದ್ರಾಸಿಂದ! ಅಲ್ಲಿ ವ್ಯಾಪಾರ ಮಾಡ್ತಿದ್ದ ಇಬ್ಬರು ಅರ್ಮೇನಿಯನ್ ಸಾಹುಕಾರರು, ಮುರಾತ್ ಮತ್ತು ರಾಫೆಲ್, ತಮ್ಮ ಆಸ್ತಿಯನ್ನ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಪ್ರಪಂಚದ ಮೊದಲ ಅರ್ಮೇನಿಯನ್ ಪತ್ರಿಕೆ ಅಚ್ಚಾದದ್ದೂ ಮದ್ರಾಸಲ್ಲೇ, 1794ರಲ್ಲಿ. ಮುಚ್ಚಿದ ಬಾಗಿಲಿನ ಎದುರು ನಿಂತು ಇದನ್ನೆಲ್ಲಾ ನೆನೆಸಿಕೊಳ್ಳೋದು ಒಂಥರಾ ಖುಷಿ.

ನನ್ನ ಎರಡನೇ ರಾತ್ರಿ ನಡಿಗೆ ಪೂರ್ವದ ಕಸ್ತೆಲ್ಲೊ ಭಾಗಕ್ಕೆ. ಹಡಗುಕಟ್ಟೆ ಆರ್ಸೆನಾಲೆಯ ಹೆಬ್ಬಾಗಿಲಲ್ಲಿ ಕಲ್ಲಿನ ಸಿಂಹಗಳು ಕೂತಿವೆ. ಅದರಲ್ಲಿ ದೊಡ್ಡದು ಗ್ರೀಸಿನ ಪಿರಾಯಸ್ ಬಂದರಿನದು, 1687ರ ಯುದ್ಧದಲ್ಲಿ ಕೊಳ್ಳೆ ಹೊಡೆದು ತಂದದ್ದು. ಅದರ ಭುಜದ ಮೇಲೆ ಹಾವಿನ ಹಾಗೆ ಸುತ್ತಿದ ಪಟ್ಟಿಯಲ್ಲಿ ಏನೋ ಕೆತ್ತಿದೆ. ಹನ್ನೊಂದನೇ ಶತಮಾನದಲ್ಲಿ ಉತ್ತರದಿಂದ, ಸ್ವೀಡನ್ ಕಡೆಯಿಂದ ಬಂದ ಕೂಲಿ ಸೈನಿಕರು ಕೆತ್ತಿದ ರೂನ್ ಲಿಪಿ. ಗ್ರೀಕರ ಸಿಂಹ, ವೈಕಿಂಗರ ಬರಹ, ವೆನಿಸ್ಸಿನವರ ಕಳ್ಳತನ! ಬೀದಿ ದೀಪ ಓರೆಯಾಗಿ ಬೀಳ್ತಿದ್ದರಿಂದ ಗೆರೆಗಳು ಕಣ್ಣಿಗೆ ಸಿಕ್ಕಿದವು. ಶಾಸನ ಓದುವವರು ಬೆಳಕನ್ನ ಪಕ್ಕದಿಂದ ಹಿಡೀತಾರಲ್ಲ, ಅದೇ ಲೆಕ್ಕ. ಟಿಕೆಟ್ ಇಲ್ಲ, ಸಾಲಿಲ್ಲ. ಅಲ್ಲಿಂದ ವೀಯಾ ಗರಿಬಾಲ್ದಿ ದಾಟಿ ಮರದ ಸೇತುವೆ ಹಾದರೆ ಸಾನ್ ಪಿಯೆತ್ರೊ ದ್ವೀಪ, ಹುಲ್ಲು ಬೆಳೆದ ಅಂಗಳ, ವಾಲಿದ ಬಿಳೀ ಗೋಪುರ. 1807ರವರೆಗೆ ವೆನಿಸ್ಸಿನ ಬಿಷಪ್ಪರ ಚರ್ಚು ಇದೇ ಆಗಿತ್ತು, ಸಾನ್ ಮಾರ್ಕೊ ಅಲ್ಲ. ಸಾನ್ ಮಾರ್ಕೊ ದೊರೆಯ ಸ್ವಂತ ಪ್ರಾರ್ಥನೆಯ ಜಾಗ. ಪೋಪಿಗೆ ಸೇರಿದ್ದನ್ನ ಊರಿನ ತುದಿಗೆ ತಳ್ಳಿ, ನಡುವೆ ತಮ್ಮದನ್ನ ಇಟ್ಟುಕೊಂಡಿದ್ರು ಜಾಣರು.

ರಾತ್ರಿ ನೋಡಿದ್ರೇ ಅರ್ಥ ಆಗೋ ಇನ್ನೊಂದು ಜಾಗ ಗೆಟ್ಟೊ. ಪ್ರಪಂಚದ ಎಲ್ಲಾ "ಗೆಟ್ಟೊ"ಗಳಿಗೆ ಹೆಸರು ಕೊಟ್ಟದ್ದು ಈ ಪುಟ್ಟ ದ್ವೀಪ. 1516ರಲ್ಲಿ ಯಹೂದಿಗಳೆಲ್ಲಾ ಇಲ್ಲೇ ಇರಬೇಕು ಅಂತ ಆಜ್ಞೆ ಆಯ್ತು. ಹಗಲು ಊರಲ್ಲಿ ವ್ಯಾಪಾರ ಮಾಡಬಹುದು, ಕತ್ತಲಾದ್ರೆ ಒಳಗೆ. ಬಾಗಿಲಿಗೆ ಬೀಗ, ಸುತ್ತ ಕಾಲುವೆಯಲ್ಲಿ ಕಾವಲು ದೋಣಿ. ಆ ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕಿತ್ತು. ರಾತ್ರಿ ಹೊರಗೆ ಬರೋಕೆ ವಿನಾಯಿತಿ ಇದ್ದದ್ದು ವೈದ್ಯರಿಗೆ, ಊರಿನವರಿಗೆ ಕಾಯಿಲೆ ಬಿದ್ರೆ ಬೇಕಲ್ಲ. 1797ರಲ್ಲಿ ನೆಪೋಲಿಯನ್ನನ ಸೈನ್ಯ ಬಂದ ಮೇಲೆ ಬಾಗಿಲು ಕಿತ್ತು ಸುಟ್ಟರು. ಜಾಗ ಸಾಲದೆ ಮಹಡಿ ಮೇಲೆ ಮಹಡಿ ಕಟ್ಟಿಕೊಂಡ ಮನೆಗಳು ಇವತ್ತಿಗೂ ಸುತ್ತಲಿನ ಮನೆಗಳಿಗಿಂತ ಎತ್ತರ. ರಾತ್ರಿ ಹತ್ತಕ್ಕೆ ಆ ಅಂಗಳದಲ್ಲಿ ನಿಂತು ತಲೆ ಎತ್ತಿ ಕಿಟಕಿ ಎಣಿಸಿದೆ, ಏಳು ಸಾಲು. ಸೇತುವೆ ದಾಟಿ ಹೊರಗೆ ಬರುವಾಗ ಯಾರೂ ತಡೀಲಿಲ್ಲ ಅನ್ನೋದು ಯಾಕೋ ಗಮನಕ್ಕೆ ಬಂತು.

ಮೂರನೇ ದಿನ ನವೆಂಬರ್ 21. ನನಗೆ ಗೊತ್ತಿರ್ಲಿಲ್ಲ, ಅದು ಸಲೂತೆ ಹಬ್ಬ. 1630-31ರ ಪ್ಲೇಗಿನಲ್ಲಿ ಊರಿನ ಮೂರನೇ ಒಂದು ಭಾಗ ಜನ ಸತ್ತರು. ಪಿಡುಗು ನಿಂತರೆ ದೇವಸ್ಥಾನ ಕಟ್ಟಿಸ್ತೀವಿ ಅಂತ ಹರಕೆ ಹೊತ್ತು ಕಟ್ಟಿಸಿದ ಚರ್ಚು ಸಾಂತಾ ಮರಿಯಾ ದೆಲ್ಲಾ ಸಲೂತೆ. ಸಲೂತೆ ಅಂದ್ರೆ ಆರೋಗ್ಯ. ನಮ್ಮೂರಲ್ಲಿ ಮಾರಿಗೆ ಹರಕೆ ಹೊತ್ತ ಹಾಗೇ. ಪ್ರತಿವರ್ಷ ಆ ದಿನದ ಹೊತ್ತಿಗೆ ದೊಡ್ಡ ಕಾಲುವೆಗೆ ಅಡ್ಡಲಾಗಿ ತೇಲುವ ಸೇತುವೆ ಹಾಕ್ತಾರೆ, ಊರಿಗೆ ಊರೇ ಮೇಣದಬತ್ತಿ ಹಿಡಿದು ದಾಟಿ ಹೋಗ್ತದೆ. ಚರ್ಚಿನ ಹಿಂದೆ ಜಾತ್ರೆ ಅಂಗಡಿಗಳು, ಬಲೂನು, ಕರಿದ ಸಿಹಿ, ಅಳೋ ಮಕ್ಕಳು. ಮನೆಗಳಲ್ಲಿ ಅವತ್ತು ಒಣಗಿಸಿದ ಕುರಿಮಾಂಸ, ಕೋಸು ಹಾಕಿ ಒಂದು ಸಾರು ಮಾಡ್ತಾರಂತೆ. ಸಂಜೆ ಕತ್ತಲಾದ ಮೇಲೆ ನಾನೂ ಬತ್ತಿ ಕೊಂಡು ಸಾಲಲ್ಲಿ ನಿಂತೆ. ಮುಂದೆ ಒಬ್ಬ ಲಾಂಚಿನ ಸಮವಸ್ತ್ರದಲ್ಲೇ ಬಂದಿದ್ದ. ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬರು ಅಜ್ಜ, ತಳ್ಳುತ್ತಿದ್ದದ್ದು ಮೊಮ್ಮಗಳಿರಬೇಕು. ಎಲ್ಲರಿಗೂ ಎಲ್ಲರೂ ಗೊತ್ತು. ಎರಡು ಹೆಜ್ಜೆಗೊಮ್ಮೆ ನಿಂತು ಮಾತು. ಒಳಗೆ ಒಬ್ಬ ಹುಡುಗ ನನ್ನ ಕೈಯಿಂದ ಬತ್ತಿ ತಗೊಂಡು ಹಚ್ಚಿ ಸಾಲಲ್ಲಿ ನಿಲ್ಲಿಸಿದ. ಇನ್ಯಾರದೋ ಬತ್ತಿಗೆ ಜಾಗ ಮಾಡೋಕೆ ನನ್ನದನ್ನ ಬೇಗನೇ ತೆಗೆದ ಅನ್ನಿ. ಕರೋನಾ ಕಳೆದು ಬಹಳ ದಿನ ಆಗಿರ್ಲಿಲ್ಲ. ನಮ್ಮ ಮನೇಲೂ ಒಬ್ಬರು ಹೋಗಿದ್ರು. ಅಷ್ಟೇ ಹೇಳ್ತೀನಿ.

2012ರಲ್ಲಿ ನಾಲ್ಕೂವರೆ ಗಂಟೆಯಲ್ಲಿ ನಾನು ಈ ಊರಿನವರೊಬ್ಬರನ್ನೂ ನೋಡಿರ್ಲಿಲ್ಲ ಅನ್ನೋದು ಹೊಳೆದದ್ದು ಆ ಸಾಲಲ್ಲಿ.

ಅವರು ಉಳಿದಿರೋದೂ ಕಡಿಮೆ. 1951ರಲ್ಲಿ ಹಳೇ ಊರಿನಲ್ಲಿ ಸುಮಾರು 1,75,000 ಜನ ಇದ್ರು. 2022ರ ಆಗಸ್ಟ್‌ನಲ್ಲಿ ಐವತ್ತು ಸಾವಿರಕ್ಕಿಂತ ಕೆಳಗೆ ಇಳೀತು. ರಿಯಾಲ್ಟೊ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಲ್ಲೇ ಜನಸಂಖ್ಯೆ ತೋರಿಸೋ ಬೋರ್ಡು ಹಾಕಿದ್ರು, ಕೆಳಗೆ ಇಳೀತಾ ಹೋಗೋ ಬೋರ್ಡು. 2009ರಲ್ಲಿ ಅರವತ್ತು ಸಾವಿರ ದಾಟಿ ಇಳಿದಾಗ ದೋಣಿಯಲ್ಲಿ ಶವಪೆಟ್ಟಿಗೆ ಇಟ್ಟು ಊರಿಗೆ ಅಣಕು ಶವಯಾತ್ರೆ ಮಾಡಿದ್ರು. ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನ ಮೀರಿತು ಅಂತ 2023ರಲ್ಲಿ ಅಲ್ಲಿನ ನಾಗರಿಕ ಗುಂಪುಗಳು ಲೆಕ್ಕ ಹೇಳಿದವು. 2024ರ ಏಪ್ರಿಲ್ 25ರಿಂದ ಹಗಲು ಬಂದುಹೋಗುವವರಿಗೆ ಪ್ರವೇಶ ಶುಲ್ಕ ಶುರು ಮಾಡಿದ್ರು. ಮೊದಲ ವರ್ಷ 29 ದಿನ, ತಲೆಗೆ 5 ಯೂರೋ. 2025ರಲ್ಲಿ 54 ದಿನ, ಮೊದಲೇ ಕಟ್ಟಿದ್ರೆ 5, ಕೊನೇ ಗಳಿಗೆಯಲ್ಲಿ ಕಟ್ಟಿದ್ರೆ 10. ಸಂಜೆ ನಾಲ್ಕರ ಮೇಲೆ ಬಂದವರಿಗೆ ಶುಲ್ಕ ಇಲ್ಲ. ರಾತ್ರಿ ಉಳಿಯುವವರಿಗೂ ಇಲ್ಲ (ವಿನಾಯಿತಿಗೆ ಹೆಸರು ಬರೆಸಬೇಕು, ಹೋಟೆಲಿನಲ್ಲಿ ಬೇರೆ ತೆರಿಗೆ ಇರ್ತದೆ). ಅಂದ್ರೆ ಯಾವ ಅರ್ಧಕ್ಕೆ ಬರಬೇಕು ಅಂತ ಅಲ್ಲಿನ ಪುರಸಭೆಯೇ ನನ್ನ ಪರ ವಾದ ಮಾಡಿದ ಹಾಗಾಯ್ತು :-)

ಆದ್ರೆ ಇಲ್ಲೊಂದು ಮುಳ್ಳಿದೆ. "ರಾತ್ರಿ ಉಳೀರಿ" ಅಂತ ನಾನು ಸುಲಭವಾಗಿ ಹೇಳಿಬಿಟ್ಟೆ. ಎಲ್ಲರೂ ಉಳಿಯೋಕೆ ಹೋದ್ರೆ? ಊರಿನವರು ಖಾಲಿ ಮಾಡೋ ಮನೆಗಳೇ ನಾವು ಆನ್‌ಲೈನಲ್ಲಿ ಬುಕ್ ಮಾಡೋ ಫ್ಲ್ಯಾಟುಗಳು. ಬಾಡಿಗೆದಾರ ತಿಂಗಳಿಗೆ ಕೊಡೋದನ್ನ ಪ್ರವಾಸಿಗ ವಾರದಲ್ಲಿ ಕೊಟ್ಟರೆ ಮಾಲೀಕ ಯಾರನ್ನ ಇಟ್ಟುಕೊಳ್ತಾನೆ? ಬೆಂಗಳೂರಲ್ಲಿರುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನನ್ನ ಮಾತು ಇಷ್ಟು: ಉಳಿಯೋದಾದ್ರೆ ಹೋಟೆಲಲ್ಲಿ ಉಳೀರಿ, ಅಥವಾ ಮನೆಯವರೇ ಜೊತೆಗಿದ್ದು ಕೋಣೆ ಕೊಡೋ ಕಡೆ. ಇಡೀ ಮನೆ ಬಾಡಿಗೆಗೆ ತಗೋಬೇಡಿ. ಸ್ವಲ್ಪ ದುಬಾರಿ ಆಗ್ತದೆ. ಆರು ದೇಶದಲ್ಲಿ ಒಂದು ದೇಶ ಬಿಡಿ, ಸರಿಹೋಗ್ತದೆ. ಮತ್ತೆ ರಾತ್ರಿ ಹನ್ನೊಂದರ ಮೇಲೆ ಓಣಿಯಲ್ಲಿ ಜೋರಾಗಿ ಮಾತಾಡಬೇಡಿ. ವಾಹನದ ಸದ್ದೇ ಇಲ್ಲದ ಊರಲ್ಲಿ ಪಿಸುಮಾತೂ ಮೂರನೇ ಮಹಡಿಗೆ ಕೇಳ್ತದೆ. ಸಾಂತಾ ಮಾರ್ಗರಿಟಾ ಚೌಕದ ಸುತ್ತ ಇರುವವರು ಈ ಗಲಾಟೆಗೆ ರೋಸಿಹೋಗಿದ್ದಾರೆ.

ಇನ್ನೊಂದು ಅನುಮಾನ, ಇದು ನನ್ನ ಮೇಲೇ. ನಾವು ಬ್ಲಾಗಿಗರು "ಯಾರಿಗೂ ಗೊತ್ತಿಲ್ಲದ ಜಾಗ" ಅಂತ ಬರೀತೀವಿ, ಮುಂದಿನ ವರ್ಷ ಅದು ಎಲ್ಲರಿಗೂ ಗೊತ್ತಿರ್ತದೆ. ಅಲ್ಲಿ ಆಕ್ವಾ ಆಲ್ತಾ ಅಂತ ಪುಸ್ತಕದಂಗಡಿ ಇದೆ, 2002ರಲ್ಲಿ ಶುರುವಾದದ್ದು. ನೆರೆ ನೀರು ಬಂದ್ರೆ ನೆನೀಬಾರದು ಅಂತ ಪುಸ್ತಕಗಳನ್ನ ಸ್ನಾನದ ತೊಟ್ಟಿಯಲ್ಲಿ, ಒಂದು ಗೊಂಡೊಲಾದಲ್ಲಿ ತುಂಬಿಟ್ಟಿದ್ದಾರೆ. ಚೆನ್ನಾಗಿದೆ. ಆದ್ರೆ ನಾನು ಹೋದಾಗ ಫೋಟೋ ತೆಗೆಸ್ಕೊಳ್ಳೋ ಸಾಲು ಬೀದಿಗೆ ಬಂದಿತ್ತು. ಒಳಗೆ ಪುಸ್ತಕ ಬಿಡಿಸಿ ಓದ್ತಿದ್ದವನು ನಾನೊಬ್ಬನೇ, ನನ್ನನ್ನೂ "ಫ್ರೇಮಿಂದ ಸ್ವಲ್ಪ ಸರೀರಿ" ಅಂದ್ರು. ಅದಕ್ಕೇ ನಾನು ಆರ್ಟಿಚೋಕ್ ತಿಂದ ಅಂಗಡಿಯ ಹೆಸರು ಇಲ್ಲಿ ಬರೆಯಲ್ಲ. ಅದರಲ್ಲಿ ನಿಲ್ಲೋಕೆ ಎಂಟು ಜನಕ್ಕೆ ಜಾಗ. ಸಿಂಹ, ಸೇತುವೆ, ಗೋಪುರಗಳು ಹಾಗಲ್ಲ, ಇನ್ನಷ್ಟು ಜನರನ್ನ ತಡ್ಕೊಳ್ತವೆ.

ಹಗಲಲ್ಲಿ ಏನು ಮಾಡೋದು ಅಂತೀರಾ? ಊರು ಬಿಟ್ಟು ಹಿನ್ನೀರಿನ ದ್ವೀಪಗಳಿಗೆ ಹೋಗಿ, ಜನ ಊರಿನ ಕಡೆ ಬರುವಾಗ ನೀವು ಎದುರು ದಿಕ್ಕಿಗೆ. ಟೊರ್ಚೆಲ್ಲೊದಲ್ಲಿ ವೆನಿಸ್‌ಗಿಂತ ಹಳೇ ಊರಿತ್ತು, 639ರಲ್ಲಿ ಸ್ಥಾಪನೆಯಾದ ಚರ್ಚಿದೆ, ಅದರ ಒಂದು ಇಡೀ ಗೋಡೆ ಮೊಸಾಯಿಕ್ಕಿನ ಪ್ರಳಯದ ದಿನ. ಸಾನ್ ಲಾಝರೊ ಅರ್ಮೇನಿಯನ್ ಸನ್ಯಾಸಿಗಳ ದ್ವೀಪ, 1717ರಿಂದ ಅವರಿದ್ದಾರೆ. ಕವಿ ಬೈರನ್ ಅಲ್ಲಿಗೆ ದೋಣಿಯಲ್ಲಿ ಹೋಗಿ ಅವರ ಭಾಷೆ ಕಲೀತಿದ್ದ.

ಆದ್ರೆ ಕನ್ನಡದವರು ಹೋಗಬೇಕಾದ್ದು ಕ್ಯೋಜಾಗೆ. ಹಿನ್ನೀರಿನ ದಕ್ಷಿಣ ತುದಿಯ ಮೀನುಗಾರರ ಊರು, ವೆನಿಸ್ಸಿನಿಂದ ಬಸ್ಸಿದೆ. ನಿಕೊಲೊ ದೆ ಕೊಂತಿ ಆ ಊರಿನವನು. ಹೌದು, ಶಾಲೆಯಲ್ಲಿ ವಿಜಯನಗರ ಪಾಠದಲ್ಲಿ ಬರ್ತಿದ್ದ ಅದೇ ಪ್ರವಾಸಿ, ಒಂದು ಅಂಕದ ಪ್ರಶ್ನೆ! 1420ರ ಸುಮಾರಿಗೆ ಹಂಪಿಗೆ ಬಂದಿದ್ದ. ಇಪ್ಪತ್ತೈದು ವರ್ಷ ಪೂರ್ವದೇಶಗಳಲ್ಲಿ ತಿರುಗಿ, ಮದುವೆ ಮಾಡ್ಕೊಂಡು, ವಾಪಸ್ ಬರುವಾಗ ಈಜಿಪ್ಟಿನಲ್ಲಿ ಪ್ಲೇಗಿಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳ್ಕೊಂಡ. ಪ್ರಾಣಭಯಕ್ಕೆ ದಾರಿಯಲ್ಲಿ ಧರ್ಮ ಬಿಟ್ಟಿದ್ದಕ್ಕೆ ಪೋಪ್ ಕೊಟ್ಟ ಪ್ರಾಯಶ್ಚಿತ್ತ, ಕಂಡದ್ದನ್ನೆಲ್ಲಾ ತನ್ನ ಕಾರ್ಯದರ್ಶಿ ಪೊಜ್ಜೊಗೆ ನಿಜವಾಗಿ ಹೇಳಬೇಕು ಅಂತ. ಆ ಬರಹದಲ್ಲಿ ನಮ್ಮ ಊರಿನ ಒಂದು ಹಬ್ಬ ಬರ್ತದೆ, ದೇವಸ್ಥಾನಗಳ ಒಳಗೂ ಮಾಡಿನ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆ ದೀಪ ಹಚ್ಚಿ ಹಗಲು ರಾತ್ರಿ ಉರಿಸ್ತಾರೆ ಅಂತ. ಅವನು ಹಂಪಿಯಲ್ಲಿ ನೆನಪಿಟ್ಟುಕೊಂಡದ್ದರಲ್ಲಿ ಅದೂ ಒಂದು. ಪಾಪ, ಅವನಿಗೂ ಯಾವ ಟೂರಿನವರೂ ಅರ್ಧ ದಿನ ಹಾಕಿರ್ಲಿಲ್ಲ. ಅವನು ಹೇಳಿದ ಸುದ್ದಿಗಳು 1450ರ ಆಸುಪಾಸು ವೆನಿಸ್ಸಿನ ಸನ್ಯಾಸಿ ಫ್ರಾ ಮೌರೊ ಬರೆದ ಪ್ರಪಂಚದ ಭೂಪಟಕ್ಕೂ ಸೇರಿದವು ಅಂತ ಇತಿಹಾಸಕಾರರು ಹೇಳ್ತಾರೆ. ಎರಡು ಮೀಟರ್ ಅಗಲದ ಭೂಪಟ, ದಕ್ಷಿಣ ಮೇಲಕ್ಕೆ, ಸಾನ್ ಮಾರ್ಕೊ ಪಕ್ಕದ ಮರ್ಚಿಯಾನಾ ಗ್ರಂಥಾಲಯದ್ದು. ಅದರ ಎದುರು ನಿಂತು ತಲೆ ವಾರೆ ಮಾಡಿ ನಮ್ಮ ಕಡೆಯನ್ನ ಹುಡುಕಿದೆ. ಕಾವಲಿನ ಹೆಂಗಸು ನಕ್ಕಳು.

ಕೊನೇ ರಾತ್ರಿ ಊಟ ಮುಗಿಸಿ ಬರುವಾಗ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಇಬ್ಬರು ಬಂಗಾಳಿ ಮಾತಾಡ್ತಾ ಕಸದ ಚೀಲ ಇಡ್ತಿದ್ರು. ಬಾಂಗ್ಲಾದೇಶದವರು. ನನ್ನ ಮುಖ ನೋಡಿ ಹಿಂದಿಯಲ್ಲಿ ಮಾತಾಡಿಸಿದ್ರು. ಹನ್ನೊಂದು ವರ್ಷದಿಂದ ಅಲ್ಲಿ ಅಡಿಗೆ ಕೆಲಸ, ಇಟಲಿಯವರದೇ ಅಡಿಗೆ. ಮನೆ ಎಲ್ಲಿ ಅಂದ್ರೆ ಮೆಸ್ತ್ರೆ, ಸೇತುವೆ ಆಚೆ, ನೆಲದ ಮೇಲಿನ ಊರು. ಅವರ ಕಡೆಯವರು ಅಲ್ಲಿ ಸಾವಿರಾರು ಜನ ಇದ್ದಾರೆ, ಹಡಗುಕಟ್ಟೆಯಲ್ಲಿ, ಹೋಟೆಲುಗಳಲ್ಲಿ ಕೆಲಸ. "ವೆನಿಸ್ ರಾತ್ರಿ ಬಹಳ ಚೆನ್ನಾಗಿದೆ" ಅಂದೆ ನಾನು, ಹೊಸದಾಗಿ ಕಂಡುಹಿಡಿದವನ ಹಾಗೆ. ಅವರಲ್ಲಿ ದೊಡ್ಡವನು ಏಪ್ರನ್ ಮಡಚ್ತಾ, "ನಾನು ನೋಡೋದು ಬಸ್ ಸ್ಟ್ಯಾಂಡ್‌ಗೆ ಓಡುವಾಗ. ಕೊನೇ ಬಸ್ ತಪ್ಪಿದ್ರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು" ಅಂದ. ನಂಗೆ ಏನು ಹೇಳಬೇಕು ಗೊತ್ತಾಗ್ಲಿಲ್ಲ. ಮೂವರೂ ಒಂದು ಸೇತುವೆವರೆಗೆ ಜೊತೆಗೆ ನಡೆದ್ವಿ, ಅವರು ಬೇಗ ಬೇಗ.

ನಿನ್ನೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ್ದ. ಟೂರಿನವರು ಪಟ್ಟಿ ಬದಲಾಯಿಸೋಕೆ ಒಪ್ಪಲಿಲ್ಲವಂತೆ. ಹೆಂಡತಿ ಪಟ್ಟಿಯನ್ನೇ ಬಿಡೋಣ ಅಂದಿದ್ದಾಳೆ, ಎರಡೇ ದೇಶ, ಸ್ವಂತ ಹೋಗೋದು, ನವೆಂಬರ್‌ನಲ್ಲಿ. ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಅವನು ಈಗ ಕೇಳ್ತಿರೋದು ಒಂದೇ, ಮಂಜಿಗೆ ಮಂಕಿ ಟೋಪಿ ತರಬೇಕಾ ಅಂತ. ತಗೊಂಡು ಹೋಗು ಮಾರಾಯ, ಆದ್ರೆ ಫೋಟೋಗೆ ತೆಗೆದಿಡು ಅಂದೆ.